ಹಿಂದಕ್ಕೆ ಹರಿದ ಹೊಳೆ ಮತ್ತು ನಾಲ್ಕೂರಿನ ಕೌದಿ

ಬೈಲಹೊಂಗಲ

"ಪರದೇಶ ಹೆಂಗಿತ್ರೀ?" ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ನಗು ಬರುತ್ತದೆ, ಆಮೇಲೆ ಮೊಣಕಾಲು ನಡುಗುತ್ತದೆ. ಕೇಳಿದವರು ನಗುವನ್ನಷ್ಟೇ ನೋಡಿ, "ಭಾಳ ಛಲೋ ಇತ್ತಂತ ಕಾಣತೈತಿ" ಎಂದು ಹೋಗಿಬಿಡುತ್ತಾರೆ. ಛಲೋ ಇದ್ದದ್ದು ನಿಜ. ನಡುಗುವುದೂ ನಿಜ. ಎರಡನ್ನೂ ಕೂಡಿಸಿ ಬಾಯಲ್ಲಿ ಹೇಳಲು ಬರುತ್ತಿಲ್ಲ, ಅದಕ್ಕೇ ಬರೆಯಲು ಕುಳಿತಿದ್ದೇನೆ.

ನಾವು ಹೋದದ್ದು ಒಂದು ಮದುವೆಗೆ, ಹೆಣ್ಣಿನ ಕಡೆಯವರಾಗಿ. ಹೆಣ್ಣಿಗೆ ಐವತ್ತು ದಾಟಿತ್ತು.

ಹೆಣ್ಣು ಎಂದರೆ ಮೇರಿಬಾಯಿ. ನಮ್ಮ ಸೀಮೆಯಲ್ಲಿ ವರ್ಷಗಟ್ಟಲೆ ಇದ್ದು, ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಹಳ್ಳಿಹಳ್ಳಿ ಸುತ್ತಿ ಬಾಣಂತನ ಮಾಡಿಸಿದ ನರ್ಸಮ್ಮ. ಸೈಕಲ್ ಮೇಲೆ ಬರುತ್ತಿದ್ದರು. ಬಿಸಿಲಿಗೆ ಮುಖ ಟೊಮ್ಯಾಟೋ ಹಣ್ಣಿನಂತೆ ಕೆಂಪಾಗಿರುತ್ತಿತ್ತು. ನಮ್ಮ ಕೌದಿ ಕೂಟ ಹುಟ್ಟಿದ್ದು ಅವರಿಂದಲೇ. ಹಳೆಯ ಸೀರೆ, ಧೋತರ, ಖಣದ ಚೂರುಗಳನ್ನು ಪದರ ಪದರವಾಗಿ ಹಾಸಿ, ಅಂಚಿನಿಂದ ನಡುವಿನವರೆಗೆ ಸಾಲುಸಾಲಾಗಿ ಸೂಜಿ ಓಡಿಸಿದರೆ ಕೌದಿ. ಅದನ್ನು ಹೊಲಿಯದ ಮನೆ ನಮ್ಮ ಕಡೆ ಇಲ್ಲ. ಆದರೆ ಅದಕ್ಕೊಂದು ಕೂಟ ಬೇಕೆಂದು ನಮಗೆ ಯಾರಿಗೂ ಹೊಳೆದಿರಲಿಲ್ಲ. "ನಮ್ಮೂರಾಗ ಹೆಣ್ಮಕ್ಕಳು ಕೂಡಿ ಹೊಲೀತಾರ, ಚಾ ಕುಡೀತಾರ, ಅಲ್ಲಿ ಇಲ್ಲದವರನ್ನ ಆಡಿಕೋತಾರ. ನೀವ್ಯಾಕ ಒಬ್ಬೊಬ್ಬರ ಕುಂತ ಹೊಲೀತೀರಿ?" ಎಂದು ಮೇರಿಬಾಯಿ ಕೇಳಿದರು. ಇಲ್ಲದವರನ್ನು ಆಡಿಕೊಳ್ಳಬಹುದು ಎಂಬ ಮಾತಿಗೇ ಅರ್ಧ ಊರು ಸೇರಿಕೊಂಡಿತು.

ತಿಂಗಳಿಗೊಮ್ಮೆ ನಾಲ್ಕೂ ಊರಿನವರು ನಮ್ಮ ಮನೆಯ ಪಡಸಾಲೆಯಲ್ಲಿ ಕೂಡುತ್ತಿದ್ದೆವು. ಆ ಕೌದಿಗಳನ್ನು ನೆನೆದರೆ ಈಗಲೂ ನಗು ತಡೆಯುವುದಿಲ್ಲ. ಸಂಗೊಳ್ಳಿಯ ಒಬ್ಬ ಪೈಲ್ವಾನನಿಗೆ ಹೊಲಿದುಕೊಟ್ಟದ್ದು ಮೊಣಕಾಲಿಗೇ ಮುಗಿದು, ಅವನ ತಾಯಿ ತುಂಡು ಸೇರಿಸಲು ವಾಪಸು ಹೊತ್ತು ತಂದಳು. ಸಾಲಹಳ್ಳಿಯ ಕೂಸಿಗೆಂದು ಹೊಲಿದದ್ದರ ಒಳಪದರಕ್ಕೆ ಯಾರೋ ಗಂಡನ ಹೊಸ ಧೋತರವನ್ನೇ ಹಳೆಯದೆಂದು ಹಾಕಿಬಿಟ್ಟಿದ್ದರು. ಒಮ್ಮೆ ಮಾತಿನ ಭರದಲ್ಲಿ ಕಿತ್ತೂರಿನ ಶಾಂತವ್ವನ ಸೆರಗನ್ನೇ ಕೌದಿಗೆ ಕೂಡಿಸಿ ಹೊಲಿದೆವು. ಬಸ್ಸಿನ ಹೊತ್ತಾಯಿತೆಂದು ಅವಳು ಎದ್ದಾಗ ಕೌದಿಯೂ ಎದ್ದಿತು, ಅದರ ಮೇಲೆ ಕುಳಿತಿದ್ದ ನಾವೂ ಉರುಳಿದೆವು.

ಮೇರಿಬಾಯಿ ಕೆಲಸ ಬಿಟ್ಟು ತಮ್ಮ ವೇಲ್ಸ್ ನಾಡಿಗೆ ಮರಳಿದ ಮೇಲೆ, ಒಂದು ದಿನ ಕರೆ ಬಂತು. ಮದುವೆಯಾಗುತ್ತಿದ್ದಾರೆ. ವರ ಅವರೂರಿನ ಅಂಚೆಯವ, ವಿಧುರ. ಮೇರಿಬಾಯಿಗೆ ತಂದೆತಾಯಿ ಇಲ್ಲ, ಒಡಹುಟ್ಟಿದವರಿಲ್ಲ. "ನನ್ನ ತವರಮನಿ ಅಂದ್ರ ನೀವs. ಇಬ್ಬರರೆ ಬರ್ರಿ."

ಕೂಟ ಅಂದೇ ಕೌದಿ ಹಿಡಿಯಿತು. ತವರಿನಿಂದ ಹೋಗುವ ಹೆಣ್ಣು ಕೌದಿ ಇಲ್ಲದೆ ಹೋಗಬಾರದಲ್ಲ! ನಾಲ್ಕು ಊರಿಗೆ ನಾಲ್ಕು ಮೂಲೆ. ಮೇರಿಬಾಯಿ ಹೆರಿಗೆ ಮಾಡಿಸಿದ ಪ್ರತಿ ಮನೆಯಿಂದ ಒಂದು ಚೂರು ಬಟ್ಟೆ. ಚೂರು ಎಷ್ಟು ಬಂದವೆಂದರೆ ಪದರ ಹೆಚ್ಚಾಗುತ್ತ ಹೋಗಿ ಕೊನೆಗೆ ಸೂಜಿಗಳು ಬಾಗತೊಡಗಿದವು.

ಹೋಗುವ ಇಬ್ಬರಲ್ಲಿ ನಾನೊಬ್ಬಳು, ಏಕೆಂದರೆ ಧಾರವಾಡದಲ್ಲಿ ಬಿ.ಎ. ಓದಿ ಇಂಗ್ಲಿಷು ಕಲಿಸುವ ಮಾಸ್ತರಿಕೆ ಮಾಡುತ್ತಿದ್ದೇನೆ. ಇನ್ನೊಬ್ಬರು ನೀಲವ್ವತ್ತಿ, ನನ್ನ ಗಂಡನ ಸೋದರತ್ತೆ. ಅವರನ್ನು ಯಾರೂ ಆರಿಸಲಿಲ್ಲ. "ಹೆಣ್ಣ ಕೊಡಾಕ ಹಿರ್ಯಾರ ಬೇಕಿಲ್ಲೋ?" ಎಂದು ತಾವೇ ಟ್ರಂಕು ಇಳಿಸಿದರು. ಸವದತ್ತಿಯ ಮಗಳು, ಮಲಪ್ರಭೆಯಲ್ಲಿ ಈಸಿ ಬೆಳೆದವರು, ಬೈಲಹೊಂಗಲದ ಪೇಟೆಯಲ್ಲಿ ಅವರ ದನಿಗೆ ಹೆದರದ ವ್ಯಾಪಾರಿ ಇಲ್ಲ.

ಆಕಾಶ

ಮುಂಬಯಿಯಲ್ಲಿ ವಿಮಾನದ ಬಾಗಿಲಿಗೆ ಹೋದೊಡನೆ ನೀಲವ್ವತ್ತಿ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದರು. ಒಳಗೆ ಅಷ್ಟು ಸ್ವಚ್ಛವಾದ ಹಾಸು ಕಂಡರೆ ನಮ್ಮ ಕಡೆಯವರು ಇನ್ನೇನು ಮಾಡಿಯಾರು? ಹಿಂದಿದ್ದ ಗುಜರಾತಿ ಮುದುಕ ಅವರನ್ನು ನೋಡಿ ತಾನೂ ಕಳಚಿದ. ಅವನ ಹಿಂದಿನವನೂ ಕಳಚಿದ. ಸೀರೆಯುಟ್ಟ ಗಗನಸಖಿ ಓಡಿ ಬಂದು ಬೇಡ ಬೇಡ ಎಂದು ತಡೆಯುವ ಹೊತ್ತಿಗೆ ಬಾಗಿಲಲ್ಲಿ ಮಠದ ಅಂಗಳದಷ್ಟು ಚಪ್ಪಲಿ ಬಿದ್ದಿದ್ದವು.

ಹೊದೆಯಲು ಕೊಟ್ಟ ತೆಳು ಕಂಬಳಿಯನ್ನು ಅತ್ತಿ ಬೆಳಕಿಗೆ ಹಿಡಿದು ಮಗುಚಿ ನೋಡಿದರು. "ಇದಕ್ಕ ಹೊಲಿಗೀನ ಇಲ್ಲಲ್ಲ. ಇಂಥಾದ್ದ ಕೊಟ್ಟು ಮುಗಲಿಗೆ ಹಾರಸ್ತಾರ!" ಎಂದವರು, ಗಗನಸಖಿಗೆ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ ಕೊಟ್ಟು, ತಿನ್ನುವವರೆಗೆ ಬಿಡಲಿಲ್ಲ. ಆ ಹುಡುಗಿ ನಮ್ಮ ಸಾಲಿನಲ್ಲೇ ಕುಳಿತು ರೊಟ್ಟಿ ತಿಂದು, ತನ್ನ ಮದುವೆಯ ಚಿಂತೆಯನ್ನೆಲ್ಲ ಹೇಳಿಕೊಂಡಳು. ಹಿಂದಿಯಲ್ಲಿ ಅವಳು, ಕನ್ನಡದಲ್ಲಿ ಅತ್ತಿ. ಇಬ್ಬರಿಗೂ ಎಲ್ಲವೂ ತಿಳಿದಂತಿತ್ತು.

ನಾನು ಆಗ ಕಿಟಕಿಯಿಂದ ಕೆಳಗಿನ ಸಮುದ್ರ ನೋಡುತ್ತಿದ್ದೆ. ಅಷ್ಟೆತ್ತರದಿಂದ ಅದು ಇಸ್ತ್ರಿ ಮಾಡಿದ ಬಟ್ಟೆಯಂತೆ ಕಂಡಿತು. ಎಷ್ಟು ಸುಮ್ಮನಿದೆ, ಪಾಪ, ಎಂದುಕೊಂಡೆ. ಈಗ ಆ 'ಪಾಪ'ವನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ.

ಕಡಲಂಚಿನ ಹಳ್ಳಿ

ರೈಲು, ಬಸ್ಸು ಎಲ್ಲ ಇಳಿದು ಆ ಹಳ್ಳಿ ಮುಟ್ಟಿದಾಗ ಮೇರಿಬಾಯಿ ರಸ್ತೆಯಲ್ಲೇ ನಿಂತಿದ್ದರು. "ಬಂದ್ರ್ಯಾ? ಬರ್ರಿ, ಬರ್ರಿ! ಯಾಕಿಷ್ಟ ತಡಾ ಆತು?" ಎಂದು ಕೂಗಿದರು. ಬಸ್ಸಿನಲ್ಲಿದ್ದವರೆಲ್ಲ ಕಿಟಕಿಗೆ ಮುಗಿಬಿದ್ದರು. ತಮ್ಮ ಕಣ್ಣೆದುರೇ ಬೆಳೆದ ಮೇರಿ ಹೀಗೂ ಮಾತಾಡಬಲ್ಲಳು ಎಂದು ಅವರಿಗೆ ಗೊತ್ತಿರಲಿಲ್ಲ.

ಆ ಊರಿನವರು ಇಂಗ್ಲಿಷರಲ್ಲ. ಅವರಿಗೆ ಬೇರೆಯೇ ಭಾಷೆ ಇದೆ, ಪಕ್ಕದ ಇಂಗ್ಲಿಷರ ಮೇಲೆ ತಕರಾರೂ ಇದೆ. ಇದನ್ನು ಕೇಳಿ ನೀಲವ್ವತ್ತಿಗೆ ಆದ ಸಂತೋಷ ಹೇಳತೀರದು. "ಹಂಗಾರ ಇವರೂ ನಮ್ಮ ಕಿತ್ತೂರ ಮಂದಿ ಇದ್ದಂಗ! ಮೊದಲ ಹೇಳಬಾರ್ದೇನ?" ಎಂದರು. ಅಂದಿನಿಂದ ಸಿಕ್ಕಸಿಕ್ಕವರ ಬೆನ್ನು ತಟ್ಟತೊಡಗಿದರು.

ಅಲ್ಲಿನ ಜನ ಬಸ್ಸಿನಿಂದ ಇಳಿಯುವಾಗ ಡ್ರೈವರನಿಗೆ ಧನ್ಯವಾದ ಹೇಳುತ್ತಾರೆ. ನಮ್ಮಲ್ಲಿ ಸವದತ್ತಿ ಬಸ್ಸಿನಿಂದ ಇಳಿದವರು ದೇವರಿಗೆ ಹೇಳುತ್ತೇವೆ. ಹುರಿದ ಆಲೂಗಡ್ಡೆಗೆ ಹುಳಿನೀರು ಸುರಿದು ಕಾಗದದಲ್ಲಿ ಸುತ್ತಿ ರಸ್ತೆಯಲ್ಲೇ ತಿನ್ನುತ್ತಾರೆ. ದಾರಿಯಲ್ಲಿ ಎದುರಾದವರಿಗೆ ಮೋಡವಿದ್ದರೆ ಮೋಡವಿದೆ ಎನ್ನುತ್ತಾರೆ, ಮಳೆಯಾಗುತ್ತಿದ್ದರೆ ಮಳೆ ಎನ್ನುತ್ತಾರೆ. "ಇವರಿಗೆ ಕಣ್ಣ ಕಾಣಸೂದಿಲ್ಲೇನ? ನಮಗೂ ತೋಯ್ಸಾಕ ಹತ್ತೇತಿ" ಎಂದು ಅತ್ತಿ ಗೊಣಗಿದರು. ಎರಡು ದಿನ ಕಳೆಯುವುದರೊಳಗೆ ಅಂಗಡಿಯವನಿಗೆ ತಾವೇ ಆಕಾಶ ತೋರಿಸಿ, "ಮಾಡಾ!" ಎನ್ನತೊಡಗಿದರು. ಅವನೂ ಗಂಭೀರವಾಗಿ ತಲೆಯಾಡಿಸಿ, "ಮಾಡಾ" ಎನ್ನುತ್ತಿದ್ದ.

ವರ ಐವರ್ ಸಾಧು ಮನುಷ್ಯ. ಮಾತು ಕಡಿಮೆ, ಕಿವಿ ದೊಡ್ಡವು. ಅವನ ಅಕ್ಕ ಗ್ವೆನ್ ಹಾಗಲ್ಲ. ಎತ್ತರದ ಹೆಂಗಸು, ಗಂಡಸರ ಬೂಟು, ಕತ್ತೆ ಹೂಡಿದ ಚಿಕ್ಕ ಗಾಡಿ ಹೊಡೆದುಕೊಂಡು ಕಡಲ ಮರಳಿಗೆ ಹೋಗಿ ಒಳಗೆ ತಿನ್ನುವ ಮಾಂಸವಿರುವ ಚಿಪ್ಪು ಆಯ್ದು ಮಾರುತ್ತಾಳೆ. ಊರಿನ ಹೊಲಿಗೆ ಕೂಟಕ್ಕೂ ಅವಳೇ ಯಜಮಾನಿ. ನೀಲವ್ವತ್ತಿ ಅವಳನ್ನು ಮೊದಲ ದಿನವೇ 'ಬೀಗತಿ' ಎಂದು ಗುರುತಿಸಿದರು. ಬೀಗತಿ ಎಂದ ಮೇಲೆ ಜಗಳ ಆಗಲೇಬೇಕಲ್ಲ!

ಅವರ ಕೂಟದಲ್ಲಿ ದೊಡ್ಡ ಮರದ ಚೌಕಟ್ಟಿಗೆ ಬಟ್ಟೆ ಬಿಗಿದು, ಸುತ್ತ ಕುರ್ಚಿ ಹಾಕಿಕೊಂಡು ಹೊಲಿಯುತ್ತಾರೆ. ಒಂದೇ ಬಣ್ಣದ ಬಟ್ಟೆ, ಅದರ ಮೇಲೆ ಎಲೆ, ಸುರುಳಿ, ಹೃದಯ. ಹೊಲಿಗೆ ಸಾಸಿವೆಯಷ್ಟು ಸಣ್ಣದು. ಅತ್ತಿ ಸುತ್ತ ನಡೆದು ನೋಡಿ ನನಗೆ ಹೇಳಿದರು: "ಹೊಲಿಗಿ ಛಲೋ ಐತಿ. ಆದ್ರ ಬಣ್ಣ ಇಲ್ಲ. ಕುಂಕಮ ಇಲ್ಲದ ಹಣಿ ಇದ್ದಂಗ ಐತಿ. ಹೇಳ ಅಕಿಗೆ."

ನಾನು ಗ್ವೆನ್‌ಗೆ, ಬಹಳ ಚೆನ್ನಾಗಿದೆ ಎನ್ನುತ್ತಿದ್ದಾರೆ ಎಂದೆ. ಪಕ್ಕದಲ್ಲಿದ್ದ ಮೇರಿಬಾಯಿ ನಗು ತಡೆಯಲಾರದೆ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟರು.

ಗ್ವೆನ್ ಹುಬ್ಬೇರಿಸಿದಳು. "ನಿಮ್ಮದನ್ನು ತೋರಿಸಿ, ನೋಡೋಣ."

"ಮದಿವಿ ದಿನಾನs ತೋರಸೂದು" ಎಂದು ಅತ್ತಿ ಸೆಟೆದು ನಿಂತರು. "ನೀವು ನೆಲದ ಮ್ಯಾಲ ಕುಂತ ಹೊಲೀರಿ ನೋಡೂಣು. ಕುರ್ಚಿ ಮ್ಯಾಲ ಕುಂತ ಹೊಲಿಯೂದು ದರ್ಜಿ ಕೆಲಸ."

ಕೂಟದ ಹೆಂಗಸರೆಲ್ಲ ಕೇಕೆ ಹಾಕಿ ನೆಲಕ್ಕೆ ಕುಳಿತೇಬಿಟ್ಟರು. ಕುಳಿತದ್ದು ಸರಿ, ಏಳಲು ಬರಲಿಲ್ಲ. ಒಬ್ಬರನ್ನೊಬ್ಬರು ಹಿಡಿದು ಎಳೆದು, ಎದ್ದವರು ಮತ್ತೆ ಬಿದ್ದು, ಕೊನೆಗೆ ಐವರ್ ಬಂದು ಟಪಾಲಿನ ಮೂಟೆ ಎತ್ತುವಂತೆ ಒಬ್ಬೊಬ್ಬರನ್ನೇ ಎತ್ತಿ ಕುರ್ಚಿಗೆ ಹಾಕಿದ. ನಕ್ಕು ನಕ್ಕು ಎಲ್ಲರ ಕಣ್ಣಲ್ಲೂ ನೀರು. ಗ್ವೆನ್ ಮಾತ್ರ ತಾನೇ ಎದ್ದಳು, ನಗದೆ.

ಆ ರಾತ್ರಿ ಟ್ರಂಕಿನ ತಳದಿಂದ ಕೌದಿ ತೆಗೆದೆವು. ದಾರಿಯಲ್ಲಿ ರಂಜಕದ ಭರಣಿ ಒಡೆದಿತ್ತು. ಕೆಂಪು ಮೆಣಸಿನಕಾಯಿ, ಬೆಳ್ಳುಳ್ಳಿ, ಎಣ್ಣೆ ಎಲ್ಲ ಸೇರಿ ಸವದತ್ತಿಯ ಮೂಲೆಯ ಹಳದಿಗೆ ಇಳಿದು ಬೈಲಹೊಂಗಲದವರೆಗೆ ಹರಡಿತ್ತು. ಕೋಣೆಯ ತುಂಬ ಘಾಟು. ಶನಿವಾರ ಮದುವೆ. ಬೀಗತಿಯ ಮುಂದೆ ಈ ಕೌದಿ ಬಿಡಿಸುವುದು ಹೇಗೆ?

"ತೊಳೀಬೇಕು" ಎಂದರು ಅತ್ತಿ.

"ಬಚ್ಚಲದಾಗ ದೊಡ್ಡ ತೊಟ್ಟಿ ಐತಲ್ರಿ ಅತ್ತಿ."

"ನಿಂತ ನೀರಾಗ ಕೌದಿ ತೊಳೀತಾರೇನ? ಹುಚ್ಚಿ! ಹೊಸಾ ಕೌದಿ ಹರಿಯೂ ನೀರ ನೋಡಬೇಕು. ಇಲ್ಲಂದ್ರ ಹೊಚ್ಚಿಕೊಂಡವರ ಸಂಸಾರ ನಿಂತ ನೀರ ಆಕ್ಕೈತಿ."

ಇದು ನಮ್ಮ ಕಡೆ ಎಲ್ಲರಿಗೂ ಗೊತ್ತಿದ್ದದ್ದೇ. ಕೌದಿಯೆಂದರೆ ಹೊಳೆ, ಹೊಳೆಯೆಂದರೆ ಮಲಪ್ರಭೆ. ತೊಳೆದು, ಹಿಂಡಿ, ಹೊಳೆಯ ನಡುವಿನ ಮರಳದಿಬ್ಬದ ಮೇಲೆ ಹಾಸಿದರೆ ಸಂಜೆಗೆ ಗರಿಗರಿ. ನನಗೂ ಅದರಲ್ಲಿ ತಪ್ಪು ಕಾಣಲಿಲ್ಲ. ಆ ಊರಿನ ಕೆಳಗೂ ಒಂದು ಹೊಳೆ ಇತ್ತು. ಅಗಲವಾದ ಪಾತ್ರ, ಮಧ್ಯೆ ತೆಳ್ಳಗೆ ನೀರು, ಎರಡೂ ಬದಿಗೆ ಹೊಳೆಯುವ ಮರಳು. ಥೇಟ್ ಬೇಸಗೆಯ ಮಲಪ್ರಭೆ.

ಹೊಳೆ

ಮದುವೆಗೆ ಒಂದು ದಿನ ಉಳಿದಿತ್ತು. ಅಂದು ಬಿಸಿಲು ಬಿತ್ತು. ಮೇರಿಬಾಯಿಯೂ ಕೂಟದವರೂ ಚರ್ಚಿನ ಪಕ್ಕದ ಕೋಣೆಗೆ ತೋರಣ ಕಟ್ಟಲು ಹೋಗಿದ್ದರು. ಅತ್ತಿ ಮೇರಿಬಾಯಿಯ ರಬ್ಬರ್ ಬೂಟು ಮೆಟ್ಟಿ, ಕಾಸೆ ಹಾಕಿ, ಕೌದಿ ಹೆಗಲಿಗೇರಿಸಿ, "ನಡಿ" ಎಂದರು. ಸಾಬೂನು, ಬಕೆಟ್ಟು ನಾನು ಹಿಡಿದೆ.

ಹರಿಯುವ ನೀರು ಮೊಣಕಾಲಿನಷ್ಟೂ ಇರಲಿಲ್ಲ. ಸಾಬೂನು ತಿಕ್ಕಿ, ತುಳಿದು, ಜಾಲಿಸಿ, ಇಬ್ಬರೂ ಎರಡು ತುದಿ ಹಿಡಿದು ಹಿಂಡಿದೆವು. ಒದ್ದೆ ಕೌದಿ ಎಮ್ಮೆಕರುವಿನಷ್ಟು ಭಾರ. ಅತ್ತಿ ಹಾಡುತ್ತಿದ್ದರು, ನಾನು ತೊದಲುತ್ತಿದ್ದೆ. ರಂಜಕ ನೀರಿನಲ್ಲಿ ಕೆಂಪಗೆ ಹರಿದುಹೋಯಿತು. ಅದು ಕಡಲಿನ ಕಡೆ ಹರಿದುಹೋಯಿತು, ನಾನು ಕಣ್ಣಾರೆ ನೋಡಿದ್ದೇನೆ. ಆಮೇಲೆ ಅತ್ತಿ ಕೌದಿ ಎಳೆದುಕೊಂಡು ನಡುವಿನ ಎತ್ತರದ ದಿಬ್ಬಕ್ಕೆ ಹೋದರು. ಸಾಬೂನು, ಬಕೆಟ್ಟು ದಡದಲ್ಲಿಟ್ಟು ಬರುತ್ತೇನೆಂದು ನಾನು ಈಚೆಗೆ ಬಂದೆ.

ದಡದ ಕಲ್ಲಿನ ಮೇಲೆ ಕುಳಿತು ಕಾಲಿನ ಕೆಸರು ತೊಳೆಯುತ್ತಿದ್ದಾಗ, ಒಂದು ಹುಲ್ಲಿನ ಕಟ್ಟು ತೇಲಿಬಂತು. ಕಡಲಿನ ಕಡೆಯಿಂದ ಊರಿನ ಕಡೆಗೆ. ಗಾಳಿ ಇರಬೇಕು ಎಂದುಕೊಂಡೆ. ಹಿಂದೆಯೇ ನೊರೆಯ ಗೆರೆಯೊಂದು ಬಂತು, ಅದರ ಹಿಂದೆ ಮತ್ತೊಂದು. ಭರತ, ಇಳಿತ ಎಂಬ ಪದಗಳು ನನಗೂ ಗೊತ್ತಿದ್ದವು. ಆದರೆ ಅವು ಸಮುದ್ರದ ಮಾತು. ಇದು ಹೊಳೆ. ಹೊಳೆ ಹೇಗೆ...

"ಅತ್ತೀ! ಹೊಳಿ ಹಿಂದಕ್ಕ ಹರಿಯಾಕ ಹತ್ತೇತ್ರಿ!"

ಅತ್ತಿ ಕೌದಿಯ ಸುಕ್ಕು ತೀಡುತ್ತಿದ್ದವರು ತಲೆಯೆತ್ತಲಿಲ್ಲ. "ಬಿಸಲಿಗೆ ನಿನ್ನ ತಲಿ ತಿರಗೇತಿ. ಹೊಳಿ ಎಲ್ಲ್ಯರೆ ಹಿಂದಕ್ಕ ಹರದೀತೇನ?"

ನಾವು ಆಗಷ್ಟೇ ದಾಟಿ ಹೋಗಿದ್ದ ಒಣ ಮರಳಿನಲ್ಲಿ ಆ ಹೊತ್ತಿಗೆ ಕಾಲುವೆಯೊಂದು ತುಂಬುತ್ತಿತ್ತು. ಸದ್ದಿಲ್ಲ. ಇದನ್ನು ಮಾತ್ರ ನಾನು ಇನ್ನೂ ಮರೆಯಲಾರೆ. ಮಲಪ್ರಭೆಗೆ ನೀರು ಬಂದರೆ ಊರೆಲ್ಲ ಕೇಳುವಂತೆ ಗದ್ದಲ ಮಾಡುತ್ತಾ ಬರುತ್ತದೆ. ಈ ನೀರು ಬೆಕ್ಕಿನಂತೆ ಬಂತು.

ಅತ್ತಿ ನೋಡಿದರು. ನೋಡಿದವರು ಓಡಿ ಬರಬೇಕಿತ್ತು. ಬದಲಿಗೆ ಕೌದಿ ಸುತ್ತಿ ಹೆಗಲಿಗೆ ಹಾಕಿಕೊಂಡರು. ಆ ಭಾರಕ್ಕೆ ನಾಲ್ಕು ಹೆಜ್ಜೆ ಇಡುವುದರೊಳಗೆ ಮೆತ್ತನೆಯ ಮರಳಿನಲ್ಲಿ ಮೊಣಕಾಲಿನವರೆಗೆ ಹೂತರು. ಎಡಗಾಲು ಎತ್ತಲು ಹೋದರೆ ಬಲಗಾಲು ಇನ್ನೂ ಒಳಕ್ಕೆ.

"ಕೌದಿ ಒಗೀರಿ ಅತ್ತಿ! ಒಗದ ಬರ್ರಿ!"

"ಮಂದಿ ಅರಿವಿ ಐತಿ ಇದರಾಗ! ಒಗದು ಏನ ಹೇಳ್ಲಿ ಅವರಿಗೆ?" ಅವರ ದನಿ ಬೈಯುವ ದನಿಯೇ ಆಗಿತ್ತು, ಆದರೆ ಕೊನೆಯಲ್ಲಿ ಒಡೆಯಿತು. ನೀಲವ್ವತ್ತಿಯ ದನಿ ಒಡೆದದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

ನಾನು ನೀರಿಗಿಳಿದೆ. ಸೊಂಟಕ್ಕೆ ಬಂತು. ಅಷ್ಟರಲ್ಲಿ ಹಿಂದಿನಿಂದ ಯಾರೋ ನನ್ನ ಜಡೆ ಹಿಡಿದು ದಡಕ್ಕೆ ಎಳೆದರು. ಗ್ವೆನ್! ಚಿಪ್ಪು ಆಯ್ದು ಮನೆಗೆ ಹೊರಟವಳು ನನ್ನ ಕೂಗು ಕೇಳಿ ಕತ್ತೆಗಾಡಿಯನ್ನು ದಡದಲ್ಲಿ ನಿಲ್ಲಿಸಿ ಓಡಿ ಬಂದಿದ್ದಳು. ಅವಳ ಭಾಷೆಯಲ್ಲಿ ಏನೋ ಕಿರಿಚಿ, ಆಮೇಲೆ ಇಂಗ್ಲಿಷಿನಲ್ಲಿ ನನ್ನ ಕಿವಿಗೇ ಕೂಗಿದಳು: ಅದನ್ನು ಹಾಸಲು ಹೇಳು, ಅದರ ಮೇಲೆ ಮಲಗಲು ಹೇಳು!

"ಅತ್ತೀ, ಕೌದಿ ಹಾಸ್ರಿ! ಹಾಸಿ ಮಕ್ಕೋರಿ!"

"ಇದೇನ ಮಕ್ಕೊಳ್ಳೂ ಹೊತ್ತೇನ?"

"ಮಕ್ಕೋರಿ ಅಂದ್ರ ಮಕ್ಕೋರಿ!"

"ಹಸೀ ಕೌದಿ ಮ್ಯಾಲ ಯಾರ ಮಕ್ಕೋತಾರs?"

ನಾನು ಅಳುತ್ತಿದ್ದೆನೋ ನಗುತ್ತಿದ್ದೆನೋ ಗೊತ್ತಿಲ್ಲ. ಏನೆಂದು ಬೈದೆನೋ ಅದೂ ನೆನಪಿಲ್ಲ. ಸೋದರತ್ತೆಯನ್ನು ಹಾಗೆ ಬೈದ ಸೊಸೆ ನಮ್ಮ ಮನೆತನದಲ್ಲಿ ಇನ್ನೊಬ್ಬಳಿಲ್ಲ. ಅತ್ತಿ ಬೆಚ್ಚಿಬಿದ್ದು ಕೌದಿ ಹಾಸಿ ಬೋರಲಾಗಿ ಅದರ ಮೇಲೆ ಬಿದ್ದರು. ನಾಲ್ಕೂರಿನ ಅಷ್ಟೂ ಪದರ ಅವರನ್ನು ಹೊತ್ತವು. ಕಾಲುಗಳನ್ನು ಮೆಲ್ಲನೆ ಆಡಿಸಿ ಎಳೆದುಕೊಂಡರು. ಕಾಲು ಬಂತು, ಬೂಟು ಬರಲಿಲ್ಲ. ಅವು ಈಗಲೂ ವೇಲ್ಸಿನ ಮರಳಿನಲ್ಲಿ ನೆಟ್ಟಗೆ ನಿಂತಿರಬೇಕು.

ಗ್ವೆನ್ ಗಾಡಿಯ ಹಗ್ಗಕ್ಕೆ ಚಿಪ್ಪು ಜಾಲಿಸುವ ಜರಡಿ ಕಟ್ಟಿ ಬೀಸಿ ಎಸೆದಳು. ಮೊದಲ ಸಲ ತಲುಪಲಿಲ್ಲ. ಎರಡನೆಯ ಸಲ ಅತ್ತಿಯ ಬೆನ್ನಿಗೇ ಬಿತ್ತು. "ಹೊಡೀತಾಳಲ್ಲೋ ಇಕಿ!" ಎಂದರೂ ಹಿಡಿದರು. ಮುಂದಿದ್ದ ಕೌದಿಯ ಮೂಲೆಯನ್ನು ಹಿಂಡಿ ಹುರಿ ಮಾಡಿ, ಹಗ್ಗ ಸುತ್ತಿ ಗಂಟು ಬಿಗಿದರು. ಈಚೆ ತುದಿಯನ್ನು ಗ್ವೆನ್ ಗಾಡಿಗೆ ಕಟ್ಟಿ ಕತ್ತೆಯ ಬೆನ್ನಿಗೆ ಒಂದು ಕೊಟ್ಟಳು.

"ಹಿಡೀರಿ ಅತ್ತಿ! ಬಿಡಬ್ಯಾಡ್ರಿ! ಹಿಡೀರಿ, ಬಿಡಬ್ಯಾಡ್ರಿ!" ನನಗೆ ಬೇರೆ ಮಾತೇ ಬರಲಿಲ್ಲ. ಅಷ್ಟನ್ನೇ ಎಷ್ಟು ಸಲ ಕೂಗಿದೆನೆಂದರೆ ಆಮೇಲೆ ನನ್ನ ಗಂಟಲಿನಿಂದ ಗಾಳಿ ಮಾತ್ರ ಬರುತ್ತಿತ್ತು.

ಕೌದಿ ಜಾರಿತು. ಮರಳಿನ ಮೇಲೆ ಜಾರಿ ನೀರಿಗಿಳಿಯಿತು. ಆಗ 'ಪರ್ರ್' ಎಂದಿತು.

ಕೌದಿ ಹರಿಯುವ ಸದ್ದನ್ನು ಎಲ್ಲಿ ಕೇಳಿದರೂ ನಾನು ಗುರುತಿಸಬಲ್ಲೆ. ಹಗ್ಗದ ಗಂಟಿನ ಪಕ್ಕದಲ್ಲಿ ಅಂಚು ಬಿಚ್ಚಿಕೊಳ್ಳುತ್ತಿತ್ತು. ನೀರು ಅತ್ತಿಯ ಗದ್ದಕ್ಕೆ ಬಡಿಯುತ್ತಿತ್ತು. ಅವರ ಎರಡೂ ಕೈ ಕೌದಿಯಲ್ಲಿ ಹೂತಿದ್ದವು. ಈಗಲೂ ಕಣ್ಣು ಮುಚ್ಚಿದರೆ ಆ ಸದ್ದು ಅಲ್ಲಿಂದಲೇ ಶುರುವಾಗುತ್ತದೆ, ಮತ್ತು ಪ್ರತಿ ಸಲವೂ ನಿಲ್ಲುವುದಿಲ್ಲವೇನೋ ಎಂದು ನನಗೆ ಅನ್ನಿಸುತ್ತದೆ.

ನಿಂತಿತು. ಆ ಮೂಲೆ ರಾಮದುರ್ಗದವರದು. ನೇಕಾರರ ಮನೆಯ ಹೆಂಗಸರು ಅಂಚಿಗೆ ಎರಡು ಸಾಲು ಹೊಲಿಯುತ್ತಾರೆ, ನಾವು ಉಳಿದವರು ಒಂದೇ ಸಾಲಿಗೆ ದಾರ ಕಡಿದು ಚಹಾ ಕುಡಿಯಲು ಏಳುತ್ತೇವೆ. ಹರಕು ಮೊದಲ ಸಾಲು ದಾಟಿ ಎರಡನೆಯದಕ್ಕೆ ಬಂದು ತಡೆಯಿತು. ಕತ್ತೆ ಇನ್ನೊಮ್ಮೆ ಜಗ್ಗಿತು. ನಾನೂ ಗ್ವೆನ್ನೂ ನೀರಿಗೆ ನುಗ್ಗಿ ಕೌದಿಯ ಅಂಚಿಗೆ ಕೈ ಹಾಕಿದೆವು. ನೀಲವ್ವತ್ತಿ ದಡಕ್ಕೆ ಬಂದು ಬಿದ್ದರು.

ಅವರ ಬೆರಳುಗಳು ಕೌದಿ ಬಿಡಲಿಲ್ಲ. ಗ್ವೆನ್ ಒಂದೊಂದನ್ನೇ ಬಿಡಿಸಿದಳು.

ಉಸಿರು ಬಂದೊಡನೆ ಅತ್ತಿ ಎದ್ದು ಕುಳಿತು ಕತ್ತೆಯನ್ನು ನೋಡಿದರು. "ಶಿವನs! ಕತ್ತಿ ಕಡೆ ಎಳಸ್ಕೊಂಡ ಬಂದ್ನೇನ? ನಮ್ಮ ಕಡೆ ಕಳ್ಳರನ್ನ ಕತ್ತಿ ಮ್ಯಾಲ ಮೆರಸ್ತಾರ. ನನಗ ಕತ್ತಿ ಹಿಂದ ಮೆರಿವಣಿಗಿ ಆತು! ಊರಾಗ ಹೇಳಬ್ಯಾಡ, ನನ್ನ ಆಣಿ ಐತಿ!"

ಗ್ವೆನ್ ಸೊಂಟಕ್ಕೆ ಕೈಯಿಟ್ಟು ಬೈಯಲು ಶುರುಮಾಡಿದಳು, ಪೂರ್ತಿ ಅವಳದೇ ಭಾಷೆಯಲ್ಲಿ. ಅತ್ತಿ ಸುಮ್ಮನಿರುವವರೇ? ಪೂರ್ತಿ ನಮ್ಮ ಭಾಷೆಯಲ್ಲಿ ತಿರುಗಿ ಬೈದರು. ಕೆಸರು ಮೆತ್ತಿದ ಇಬ್ಬರು ಹೆಂಗಸರು, ನಡುವೆ ತಣ್ಣಗೆ ನಿಂತ ಕತ್ತೆ. ನನಗೆ ನಗು ಶುರುವಾಯಿತು. ನಗುತ್ತಾ ಕುಸಿದು ಕುಳಿತೆ. ನಿಲ್ಲಿಸಲು ಆಗಲಿಲ್ಲ. ಆ ಹೊತ್ತಿಗೆ ನಾವು ಕೌದಿ ಹಾಸಿದ್ದ ದಿಬ್ಬ ಎಲ್ಲಿತ್ತೆಂದು ತೋರಿಸಲೂ ಬರುತ್ತಿರಲಿಲ್ಲ. ಅಲ್ಲಿ ಬರೀ ನೀರು ಮಿನುಗುತ್ತಿತ್ತು.

ಗ್ವೆನ್ನಳ ಹಿತ್ತಲು

ಮೇರಿಬಾಯಿ ಸುದ್ದಿ ಕೇಳಿ ಏಪ್ರನ್ನಿನಲ್ಲೇ ಓಡಿಬಂದರು. ಅವರು ಅಳುತ್ತಾ ಬೈದ ಕನ್ನಡ ಬೈಲಹೊಂಗಲದ ಸಂತೆಯಲ್ಲೂ ಸಿಕ್ಕದು.

"ನಿನಗ ಬುದ್ಧಿ ಐತೇನ ನೀಲಕ್ಕಾ? ಕೌದಿ ಹ್ವಾದ್ರ ಇನ್ನೊಂದ ಹೊಲೀತಿದ್ರಿ. ನೀ ಹ್ವಾದ್ರ ನಿನ್ನ ಯಾರ ಹೊಲೀಬೇಕವ್ವಾ?"

ಅತ್ತಿ ಗ್ವೆನ್ನಳ ಒಲೆಯ ಮುಂದೆ, ಗ್ವೆನ್ನಳದೇ ಉಣ್ಣೆಯ ಅಂಗಿ ತೊಟ್ಟು, ಕೈಯಲ್ಲಿ ಬಿಸಿ ಚಹಾದ ಕಪ್ಪು ಹಿಡಿದು ಕುಳಿತಿದ್ದರು.

ಕೌದಿಯನ್ನು ಮತ್ತೆ ತೊಳೆಯಬೇಕಿತ್ತು. ಗ್ವೆನ್ ಹಿತ್ತಲಿನಲ್ಲಿ ದೊಡ್ಡ ತಗಡಿನ ತೊಟ್ಟಿ ಇಟ್ಟಳು. ಅತ್ತಿ ಒಳಗಿನಿಂದಲೇ ಕ್ಷೀಣವಾಗಿ, "ನಿಂತ ನೀರ ಬ್ಯಾಡಂತ ಹೇಳs" ಎಂದರು. ನಾನು ಹೇಳಿದೆ. ಇನ್ನೊಂದು ಬೈಗುಳ ಬರುತ್ತದೆಂದು ಕಾದೆ. ಗ್ವೆನ್ ತೊಟ್ಟಿಯನ್ನು ಕಾಲಿನಿಂದ ತಳ್ಳಿ, ತೋಟಕ್ಕೆ ನೀರು ಹಾಯಿಸುವ ರಬ್ಬರ್ ಪೈಪು ತಂದಳು. ಗೋಡೆಯ ಮೇಲೆ ಕೌದಿ ಹಾಕಿ, ಮೇಲಿನಿಂದ ನೀರು ಬಿಟ್ಟು, ಇಳಿದು ಹರಿದು ಹೋಗುವ ನೀರನ್ನು ಬೆರಳಿನಿಂದ ತೋರಿಸಿದಳು. ಹರಿಯುತ್ತಿದೆ ತಾನೇ?

ಸಂಜೆ ಅವರ ಕೂಟವೆಲ್ಲ ಬಂತು. ಆ ನಾಡಿನ ಗಾಳಿಗೆ ಅಷ್ಟು ಪದರ ಒಣಗುವುದುಂಟೇ? ಇಸ್ತ್ರಿಪೆಟ್ಟಿಗೆ, ಬಿಸಿನೀರಿನ ಚೀಲ, ಒಲೆಯ ಮುಂದಿನ ಕಂಬಿ ಎಲ್ಲವನ್ನೂ ಹಿಡಿದು ಕೌದಿಯನ್ನು ಸುತ್ತುವರಿದರು. ಒಬ್ಬಾಕೆ ಕೂದಲು ಒಣಗಿಸುವ ಯಂತ್ರ ತಂದಳು. ಮಗ್ಗುಲು ಬದಲಿಸಿದಾಗಲೆಲ್ಲ ಒಂದೊಂದು ಚೂರು ಬಟ್ಟೆ ತೋರಿಸಿ ಇದು ಯಾರದು ಎಂದು ಮೇರಿಬಾಯಿಯನ್ನು ಕೇಳುತ್ತಿದ್ದರು. "ಇದು ಅವಳಿ ಹಡೆದವಳದು. ಇದು ಬಸ್ಸಿನಲ್ಲೇ ಹಡೆದವಳದು. ಇದರ ಕೂಸು ಹುಟ್ಟಿದೊಡನೆ ನನ್ನ ಮೇಲೆ ಉಚ್ಚೆ ಹೊಯ್ದಿತ್ತು." ಹರಿದ ಅಂಚನ್ನು ಗ್ವೆನ್ ತಾನೇ ಹೊಲಿದಳು, ಸಾಸಿವೆಯಷ್ಟು ಸಣ್ಣ ಹೊಲಿಗೆಯಲ್ಲಿ. ಅತ್ತಿ ನೋಡುತ್ತಿದ್ದರು. ಏನೂ ಅನ್ನಲಿಲ್ಲ. ಅದು ನನಗೆ ಹೊಳೆಗಿಂತ ಹೆಚ್ಚು ಭಯ ಹುಟ್ಟಿಸಿತು.

ಮದುವೆ

ಚರ್ಚಿನಲ್ಲಿ ಎಲ್ಲ ಹಾಡಿದರು. ಆ ಜನ ಹಾಡುವುದೆಂದ ಮೇಲೆ ಚಾವಣಿ ಏಳಬೇಕು, ಎದ್ದಿತು. ಮೇರಿಬಾಯಿ ನಾವು ತಂದ ಇಳಕಲ್ ಸೀರೆ ಉಟ್ಟಿದ್ದರು, ಮೇಲೊಂದು ಉಣ್ಣೆಯ ಕೋಟು. ಐವರ್‌ನ ಕಿವಿಗಳು ಸೀರೆಯ ಸೆರಗಿಗಿಂತ ಕೆಂಪಾಗಿದ್ದವು. ಹೊರಬಂದಾಗ ಜನ ಅವರ ಮೇಲೆ ಅಕ್ಕಿ ಎರಚಿದರು. ಬರೀ ಬಿಳಿ ಅಕ್ಕಿ! ನೀಲವ್ವತ್ತಿ ಚೀಲದಿಂದ ಅರಿಷಿಣ ತೆಗೆದು ಎಲ್ಲರ ಮುಷ್ಟಿಗೂ ಉದುರಿಸಿದರು. ಪಾದ್ರಿಯ ಕೈ ಕೂಡ ಹಳದಿಯಾಯಿತು.

ಆಮೇಲೆ ತೋರಣ ಕಟ್ಟಿದ ಕೋಣೆಯಲ್ಲಿ ಚಹಾ, ಕೇಕು, ಚಿಪ್ಪಿನ ಪಲ್ಯ. ಅತ್ತಿ ಚಿಪ್ಪಿನ ಬಟ್ಟಲನ್ನು ಗೌರವದಿಂದ ಮುಂದಿನವರಿಗೆ ದಾಟಿಸಿದರು. ಆಗ ಮೇರಿಬಾಯಿ ಎಲ್ಲರನ್ನೂ ಸುಮ್ಮನಿರಿಸಿ, ಈಗ ನನ್ನ ತವರಿನವರು ನನ್ನನ್ನು ಒಪ್ಪಿಸಿಕೊಡುತ್ತಾರೆ ಎಂದರು.

ಮಾತು ಅತ್ತಿಗೆ ಬಾಯಿಪಾಠ. ಎಷ್ಟೋ ಹೆಣ್ಣುಗಳನ್ನು ಹೀಗೆ ಒಪ್ಪಿಸಿದವರು. ಕೌದಿ ಎದೆಗವಚಿ ಗ್ವೆನ್ನಳ ಎದುರಿಗೆ ನಿಂತರು. "ನಮ್ಮ ಹುಡಿಗೀನ ನಿಮ್ಮ ಉಡ್ಯಾಗ ಹಾಕೇವಿ. ತಪ್ಪ ಒಪ್ಪ ಆದ್ರ ಹೊಟ್ಟ್ಯಾಗ ಹಾಕ್ಕೊರಿ." ಮೇರಿಬಾಯಿ ತಮ್ಮನ್ನೇ ಒಪ್ಪಿಸುವ ಮಾತನ್ನು ತಾವೇ ಅನುವಾದಿಸಿದರು. ಎಲ್ಲರೂ ನಕ್ಕರು. ಗ್ವೆನ್ ಕೌದಿಗೆ ಕೈಚಾಚಿದಳು.

ಅತ್ತಿ ಕೊಡಲಿಲ್ಲ.

ಗ್ವೆನ್ ಹಿಡಿದು ಮೆಲ್ಲನೆ ಎಳೆದಳು. ಅತ್ತಿ ಹಿಡಿದೇ ಇದ್ದರು. ಇದೂ ಒಂದು ಶಾಸ್ತ್ರವಿರಬೇಕೆಂದು ಜನ ಚಪ್ಪಾಳೆ ತಟ್ಟತೊಡಗಿದರು. ಐವರ್ ಕೂಡ ಕೇಕೆ ಹಾಕಿದ. ಪಕ್ಕದಲ್ಲಿದ್ದ ನನಗೆ ಮಾತ್ರ ಆ ಕೈಗಳು ಕಂಡವು. ಬೆರಳಿನ ಗೆಣ್ಣುಗಳು ಬೆಳ್ಳಗಾಗಿದ್ದವು. ಅತ್ತಿ ನನ್ನತ್ತ ತಿರುಗಿ, ಯಾರಿಗೂ ಕೇಳದಷ್ಟು ಮೆಲ್ಲಗೆ, "ಕೈ ಬಿಡವಲ್ಲವs ಯವ್ವಾ. ನಾ ಬಿಡಂತೇನಿ, ಅವು ಬಿಡವಲ್ಲವು" ಎಂದರು.

ಚಪ್ಪಾಳೆ ಒಂದೊಂದಾಗಿ ನಿಂತಿತು.

ಗ್ವೆನ್ ಎಳೆಯುವುದನ್ನು ಬಿಟ್ಟಳು. ಹತ್ತಿರ ಬಂದು, ಅತ್ತಿಯ ಎರಡೂ ಮುಷ್ಟಿಗಳ ಮೇಲೆ ತನ್ನ ಒರಟು ಕೈಗಳನ್ನಿಟ್ಟಳು. ದಡದಲ್ಲಿ ಮಾಡಿದಂತೆ ಒಂದೊಂದೇ ಬೆರಳು ಬಿಡಿಸುತ್ತಾಳೆಂದುಕೊಂಡೆ. ಬಿಡಿಸಲಿಲ್ಲ. ಹಿಂದಿನ ದಿನ ಹೊಳೆಯ ದಡದಲ್ಲಿ ನನ್ನ ಬಾಯಿಂದ ಕೇಳಿ ಕೇಳಿ ಕಲಿತ ಎರಡು ಮಾತನ್ನು, ನಾನು ಕೂಗಿದ ಧಾಟಿಯಲ್ಲೇ, ಆದರೆ ಬಹಳ ಮೆಲ್ಲಗೆ ಹೇಳಿದಳು.

"ಹಿಡೀರಿ. ಬಿಡಬ್ಯಾಡ್ರಿ."

ಆಮೇಲೆ ಅತ್ತಿಯ ಹೆಗಲು ಹಿಡಿದು ತನ್ನ ಪಕ್ಕದಲ್ಲಿ ಬೆಂಚಿನ ಮೇಲೆ ಕೂರಿಸಿಕೊಂಡಳು. ಕೌದಿ ಬಿಚ್ಚಿ ಇಬ್ಬರ ತೊಡೆಯ ಮೇಲೂ ಹಾಸಿದಳು. ಅತ್ತಿಯ ಕೈಗಳು ಒಂದು ಅಂಚು ಹಿಡಿದೇ ಇದ್ದವು, ಗ್ವೆನ್ ಇನ್ನೊಂದು ಅಂಚು ಹಿಡಿದಳು. ಮೇರಿಬಾಯಿ ಕೋಟು ಕಿತ್ತೆಸೆದು ಇಬ್ಬರ ನಡುವೆ ತೂರಿ ಕುಳಿತರು. ಕೇಕು ಬಂತು, ಚಹಾ ಬಂತು, ಹಾಡು ಮತ್ತೆ ಶುರುವಾಯಿತು.

ಎರಡನೆಯ ಕಪ್ಪು ಚಹಾ ಬಂದಾಗ ಅತ್ತಿ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಕೌದಿ ಬಿಟ್ಟದ್ದು ಅವರಿಗೇ ತಿಳಿಯಲಿಲ್ಲ. ಗ್ವೆನ್ ನನ್ನ ಕಡೆ ನೋಡಿ ಕಣ್ಣು ಹೊಡೆದಳು.